ಎಡಗೈಯ ಕಲೆ

ಸಾಲ್ಮಿಯಾದ ಹತ್ತನೇ ಬ್ಲಾಕು, ಮೂರನೇ ಮಹಡಿ.
ಹೊರಗೆ ಧೂಳೆದ್ದು ಎದುರು ಕಟ್ಟಡವೇ ಕಾಣೆ.
ಒಳಗೆ ನಾನು, ಏಸಿಯ ಗೊರಕೆ, ಒಂದು ಸೋಫಾ.
ಇಕಾಮಾ ತೀರಲು ಇನ್ನು ಹತ್ತೊಂಬತ್ತು ದಿನ.

ಪಟ ತೆಗೆದೆ. ಸೋಫಾದ ಎಡಗೈಯನ್ನು ಗೋಡೆಗೆ ಒತ್ತಿ,
ಪರದೆ ಸರಿಸಿ, ಬೆಳಕು ಹೊಂದಿಸಿ,
ಹೆಣ್ಣು ನೋಡಲು ಬಂದವರೆದುರು ಕೂರಿಸಿದ ಹಾಗೆ.
ಬರೆದೆ: ‘ತುರ್ತು. ಊರಿಗೆ ಹೋಗುತ್ತಿದ್ದೇನೆ, ವಾಪಸಿಲ್ಲ.
ಮೂವತ್ತೈದು ದಿನಾರ್. ಹೊತ್ತುಕೊಂಡು ಹೋಗುವವರು ನೀವೇ.’
ಹಳೆ ಸಾಮಾನಿನ ಗುಂಪಿಗೆ ಮಾತ್ರ ಇದು.
ಅಲ್ಲಿ ಯಾರಿಗೂ ನನ್ನ ಅಪ್ಪನ ಹೆಸರು ಗೊತ್ತಿಲ್ಲ.

ಆದರೆ ಇಮ್ತಿಯಾಜ್, ರಂಜಾನಿನ ಒಂದು ರಾತ್ರಿ,
‘ಐದು ಕಡೆ ಐದು ಸಲ ಯಾಕೆ ಒತ್ತುತ್ತೀ ಮಾರಾಯ’ ಎಂದು
ಎಲ್ಲ ಖಾತೆಗಳ ಬಾಲ ಹಿಡಿದು ಗಂಟು ಹಾಕಿಕೊಟ್ಟಿದ್ದ.
ನಾನು ಮರೆತಿದ್ದೆ. ಗಂಟು ಮರೆತಿರಲಿಲ್ಲ.

ಕೋಟದಲ್ಲಿ ಗಿರಿಯಣ್ಣ ಮಾವ ಇದ್ದ, ಹೇಳಿಕೆಗೆ ಹೋಗುವವ.
ಮದುವೆಯಾದರೆ ಒಳಗೆ ಕೂತು, ಬೆಲ್ಲ ನೀರು ಮುಟ್ಟಿ,
ಕರು ಹಾಕಿದ ದನ, ಸೊಸೆಯ ಬಸಿರು, ಬಾವಿಯ ನೀರು
ಎಲ್ಲ ವಿಚಾರಿಸಿ ಆಮೇಲೆ ಕಾಗದ.
ಸಾವಾದರೆ ಅಂಗಳದಲ್ಲೇ, ಚಪ್ಪಲಿ ಕಳಚದೆ, ಒಂದೇ ಮಾತು.
ಮುನಿಸಿಕೊಂಡವರ ಮನೆಗೆ ಎಲ್ಲರಿಗಿಂತ ಮೊದಲು.
ಸುದ್ದಿ ಒಂದೇ; ನಲವತ್ತು ಹೊಸ್ತಿಲಿಗೆ ನಲವತ್ತು ದನಿ.
ಸಂಜೆಗೆ ಅವನ ಗಂಟಲು ಕಟ್ಟಿರುತ್ತಿತ್ತು.
ನನ್ನದು ಒಂದು ಹೆಬ್ಬೆರಳು. ನೋವೂ ಇಲ್ಲ.

ಹತ್ತು ನಿಮಿಷ ಆಗಿರಲಿಲ್ಲ.
ಶಾಲೆಯ ಗೆಳೆಯ, ಓದದೆಯೇ ಒತ್ತುವವ: ‘ಹೊಸ ಸೋಫಾ! ಪಾರ್ಟಿ ಯಾವಾಗ?’
ಚಿಕ್ಕಮ್ಮ: ಮೂರು ಕೈಮುಗಿದ ಚಿತ್ರ, ಒಂದು ಗಣಪತಿ.
ನೌಕರಿ ಹುಡುಕುವ ತಾಣದಲ್ಲಿ, ಗುರುತಿಲ್ಲದ ಮ್ಯಾನೇಜರೊಬ್ಬ:
‘ನಿಮ್ಮ ಹೊಸ ಪಯಣಕ್ಕೆ ಅಭಿನಂದನೆಗಳು.’
ಊರಿನ ಯುವಕ ಸಂಘ: ‘ಬರುವಾಗ ಕಬಡ್ಡಿಗೊಂದು ಶೀಲ್ಡು, ಅಣ್ಣ.’
ಈಜಿಪ್ಟಿನವನೊಬ್ಬ: ‘ಹದಿನೈದು. ಈಗಲೇ ಬರುತ್ತೇನೆ.’
ಅವನ ಹೆಸರು ಹಾನಿ.
ಅರಬಿಯಲ್ಲಿ ಅದಕ್ಕೆ ಸುಖಿ ಎಂದು ಅರ್ಥವಂತೆ.
ಒಂದೇ ಪದ. ಕಡಲು ದಾಟಿದರೆ ಹೀಗೆ.

ಸುಗುಣ ಸಾಲಿಗ್ರಾಮದಲ್ಲಿ, ತವರಲ್ಲಿ.
ಅವಳಿಗೆಂದು ಒಂದು ವಾಕ್ಯ ನೆನೆಹಾಕಿ ತಿಂಗಳಾಗಿತ್ತು.
ಶುಕ್ರವಾರ ಹೇಳುವ. ಅವಳಮ್ಮನ ಕಣ್ಣಿನ ಆಪರೇಷನ್ ಮುಗಿಯಲಿ.
ಮುಂದಿನ ಶುಕ್ರವಾರ.
ಹೆಸರುಕಾಳಾಗಿದ್ದರೆ ಇಷ್ಟರಲ್ಲಿ ಮೊಳೆತು ಕೊಳೆತಿರುತ್ತಿತ್ತು.
ಸ್ಟೇಟಸ್ಸು ನೋಡಿದವರ ಪಟ್ಟಿ ಬಿಚ್ಚಿದೆ.
ಮೂರನೆಯ ಹೆಸರು ಅವಳದು.

ಅಳಿಸಿದೆ. ಒಂದೊಂದೇ ಮನೆಗೆ ಹೋಗಿ ಅಳಿಸಿದೆ,
ಹೇಳಲು ಹೋಗಬೇಕಿದ್ದ ಅದೇ ದಾರಿಯಲ್ಲಿ.

ಮಗ್ರಿಬ್ ಬಾಂಗಿನ ಹೊತ್ತಿಗೆ ಅವಳ ಮೆಸೇಜು:
‘ಎಡ್ಗೈ ಗ್ವಾಡಿಗ್ ತಿರ್ಗ್ಸಿರಿ ಅಲ್ದಾ?
ನಾನ್ ಚಾ ಚೆಲ್ಲಿದ್ ಕಲೆ ಕಾಂಬುಕಾಗ ಅಂದೇಳಿ.
ತಕಂಬರಿಗೆ ಮೊದ್ಲೇ ಹೇಳಿ.
ಮನಿಗ್ ಹೊತ್ಕಂಡ್ ಹೋದ್ಮೇಲೆ ಗೊತ್ತಾರೆ ಬೇಜಾರ್ ಆತ್ತ್.’

ಹಾನಿ ಬಂದ, ಹುಬ್ಬಿನ ತುಂಬ ಧೂಳು.
ಸೋಫಾ ಎಳೆದು ಕಲೆ ತೋರಿಸಿದೆ.
ಬೆರಳಿಟ್ಟು ನೋಡಿ ನಕ್ಕ: ‘ಶಾಯ್?’
ಹೌದು, ಚಹಾ.
ಹದಿನೆಂಟು ಕೊಟ್ಟ. ತಮ್ಮನ ಜೊತೆ ಸೇರಿ ಹೊತ್ತ.
ಲಿಫ್ಟಿಗೆ ಹಿಡಿಸಲಿಲ್ಲ; ಮೆಟ್ಟಿಲಲ್ಲಿ ಬಹಳ ಹೊತ್ತು
ಅವರ ಬೈಗುಳ ಕೇಳುತ್ತಿತ್ತು.

ಸೋಫಾ ಇದ್ದಲ್ಲಿ ಗೋಡೆಗೊರಗಿ ನೆಲಕ್ಕೆ ಕೂತು ಕರೆ ಮಾಡಿದೆ.
ಒಳಗೆ ಕೂತು ಹೇಳುವ ಸುದ್ದಿಯೋ ಇದು,
ಅಂಗಳದಲ್ಲಿ ನಿಂತು ಹೇಳುವುದೋ?
ಮಾವನನ್ನು ಕೇಳಿಟ್ಟುಕೊಂಡಿರಲಿಲ್ಲ.

‘ಹೂಂ’ ಅಂದಳು.